ನಾಯಿ ಕಂಡರೆ ಹೆದರುವ ಮಗು: ಭಯ ಬಿಡಿಸುವುದು ಹೇಗೆ?

ಬೀದಿಯ ತುದಿಯಲ್ಲಿ ನಾಯಿ ಕಂಡರೆ ಸಾಕು, ಕೆಲವು ಮಕ್ಕಳು ಚೀರಿ ಅಮ್ಮನ ಹಿಂದೆ ಅಡಗುತ್ತವೆ. ‘ಏನೂ ಮಾಡಲ್ಲ, ಮುಟ್ಟು ಬಾ’ ಎಂದು ಎಳೆದೊಯ್ದರೆ ಭಯ ಹೆಚ್ಚುತ್ತದೆ. ಪ್ರತಿ ಸಲ ಎತ್ತಿಕೊಂಡು ದಾರಿ ಬದಲಿಸಿದರೂ ಅದು ಹೋಗುವುದಿಲ್ಲ.

ಇಂಥ ಭಯ ಬಹುಮಟ್ಟಿಗೆ ಕಲಿತದ್ದು. ಊಟಕ್ಕೆ ಮುಂಚೆ ಪದೇ ಪದೇ ಒಂದೇ ಸದ್ದು ಕೇಳಿಸಿದರೆ ಬರಿಯ ಸದ್ದಿಗೂ ನಾಯಿ ಜೊಲ್ಲು ಸುರಿಸುತ್ತದೆ ಎಂದು ರಷ್ಯಾದ ವಿಜ್ಞಾನಿ ಪಾವ್ಲೋವ್ ತೋರಿಸಿದ್ದರು. ಮನಶ್ಶಾಸ್ತ್ರದಲ್ಲಿ ಇದು ಶಾಸ್ತ್ರೀಯ ಅನುಬಂಧನ. ಭಯವೂ ಹೀಗೇ ಅಂಟಿಕೊಳ್ಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಬರ್ಟ್ ಎಂಬ ಕೂಸು ಬಿಳಿ ಇಲಿಯನ್ನು ಮುಟ್ಟಹೋದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು ಜೋರು ಸದ್ದು ಮಾಡಿದರು. ಆಮೇಲೆ ಇಲಿ ಕಂಡರೇ ಕೂಸು ಅಳತೊಡಗಿತು, ಮೊಲಕ್ಕೂ ಹೆದರಿತು. ಆ ಭಯವನ್ನು ಅವರು ಬಿಡಿಸಲೂ ಇಲ್ಲ. ಎಳೆಕೂಸಿನ ಮೇಲೆ ನಡೆದ ಈ ಕ್ರೌರ್ಯವನ್ನು ಪ್ರಯೋಗವೆಂದು ಒಪ್ಪಿಕೊಳ್ಳುವುದು ನನಗೆ ಸಾಧ್ಯವಿಲ್ಲ.

ನಮಗೆ ದಾರಿ ತೋರಿಸುವವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಅವರು ಇಷ್ಟದ ತಿಂಡಿ ಕೊಟ್ಟು, ಪಂಜರದಲ್ಲಿದ್ದ ಮೊಲವನ್ನು ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಆತ ಸುಮ್ಮನಿದ್ದ. ಇದು ಪ್ರಕಟವಾದದ್ದು 1924ರಲ್ಲಿ.

ಮನೆಯಲ್ಲಿ ಮಾಡುವುದಾದರೆ ಮೊದಲು ನಾಯಿಯನ್ನು ಆರಿಸಿ. ಪರಿಚಯದವರ ಮನೆಯ, ಲಸಿಕೆ ಹಾಕಿಸಿದ, ಸಾಧು ಸ್ವಭಾವದ ನಾಯಿಯೇ ಆಗಬೇಕು. ಬೆಲ್ಟನ್ನು ಅದರ ಯಜಮಾನರೇ ಹಿಡಿದಿರಲಿ. ಬೀದಿನಾಯಿ ಬೇಡವೇ ಬೇಡ.

ಎರಡನೆಯದು ದೂರ. ನಾಯಿ ಕಾಣುತ್ತಿದ್ದರೂ ಮಗು ಆರಾಮಾಗಿ ತಿನ್ನುವಷ್ಟು ದೂರದಲ್ಲಿ ಕೂರಿಸಿ. ಮೀಟರ್ ಲೆಕ್ಕ ಬೇಡ, ಮಗುವಿನ ಕೈ ನೋಡಿ. ಚಕ್ಕುಲಿ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತರೆ ನಾಯಿ ತೀರಾ ಹತ್ತಿರವಾಯಿತು ಎಂದರ್ಥ. ಹಿಂದೆ ಸರಿಯಿರಿ.

ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಮೊದಲು ನಾಯಿ ಕಾಣಬೇಕು, ಆಮೇಲೆ ತಿಂಡಿ ಬರಬೇಕು. ನಾಯಿ ಮರೆಯಾದರೆ ತಿಂಡಿಯೂ ನಿಲ್ಲಲಿ. ಹಾಗಾದಾಗ ನಾಯಿ ಎಂದರೆ ಒಳ್ಳೆಯದೇನೋ ಬರುತ್ತದೆ ಎಂದು ಮಗು ಕಲಿಯುತ್ತದೆ. ಅವಸರಪಟ್ಟರೆ ಲೆಕ್ಕ ತಿರುಗುಮುರುಗಾಗಿ, ತಿಂಡಿ ಕಂಡರೇ ಮಗು ಬೆಚ್ಚಬಹುದು. ಈ ಎಚ್ಚರಿಕೆಯನ್ನು ಜೋನ್ಸ್ ಅವರೇ ಕೊಟ್ಟಿದ್ದರು.

ದಿನಕ್ಕೆ ಕೆಲವೇ ನಿಮಿಷ ಸಾಕು. ಮಗು ನೆಮ್ಮದಿಯಾಗಿ ತಿನ್ನುತ್ತಿದ್ದರೆ ಮಾತ್ರ ಮುಂದಿನ ಸಲ ಒಂದೆರಡು ಹೆಜ್ಜೆ ಹತ್ತಿರವಾಗಿ, ಅಳು ಬರುವ ಮುನ್ನವೇ ಮುಗಿಸಿ. ಓಡಿಹೋದಾಗ ಸಿಗುವ ನಿರಾಳವೂ ಒಂದು ಬಹುಮಾನವೇ, ಓಡುವ ಅಭ್ಯಾಸವನ್ನು ಅದೇ ಗಟ್ಟಿ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಇದನ್ನು ಋಣಾತ್ಮಕ ಪುನರ್ಬಲನ ಎಂದರು. ಹಾಗಾಗಿ ಮಗು ಬೆದರಿದರೆ ಮನೆಗೆ ಓಡಬೇಡಿ. ಹಿಂದಿನ ದೂರಕ್ಕೆ ಮರಳಿ, ಉಸಿರು ಹತೋಟಿಗೆ ಬಂದ ಮೇಲೆ ಹೊರಡಿ.

ಒಂದು ನಾಯಿ ಒಗ್ಗಿದ ಮೇಲೆ ಬೇರೆ ನಾಯಿ, ಬೇರೆ ಜಾಗದಲ್ಲೂ ಇದನ್ನೇ ಮಾಡಿ. ಹೋದ ಭಯ ಮರಳಿ ಬರುವುದುಂಟು. ಸುಧಾರಿಸುತ್ತಿದ್ದ ಪೀಟರ್ ಜ್ವರವೆಂದು ಆಸ್ಪತ್ರೆ ಸೇರಿ ಹಿಂತಿರುಗುವಾಗ ದೊಡ್ಡ ನಾಯಿಯೊಂದು ಮೇಲೆರಗಿತ್ತು, ಅವನ ಹಳೆಯ ಭಯವೆಲ್ಲ ಮರುಕಳಿಸಿತು. ತಿಂಡಿಯ ಉಪಾಯ ಶುರುವಾದದ್ದೇ ಅದಾದ ಮೇಲೆ.

ತಿನ್ನುತ್ತಿರುವ ಅಥವಾ ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದೆಂಬುದನ್ನೂ ಜೊತೆಜೊತೆಗೇ ಕಲಿಸಿ. ಭಯದಿಂದ ಮಗು ನಿದ್ದೆಗೆಟ್ಟರೆ, ಶಾಲೆಗೆ ಹೋಗಲೊಲ್ಲದಿದ್ದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ.