ಹಳೇ ಕಲ್ಲಿದ್ದಲು ಮಿಲ್ಲಿನಲ್ಲೇ ಕಟ್ಟಿಗೆ ಪೆಲೆಟ್: ನನ್ನ ಅನುಭವ

ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಕಟ್ಟಿಗೆ ಪೆಲೆಟ್ (ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ) ಉರಿಸಬೇಕಾದರೆ ಹ್ಯಾಮರ್ ಮಿಲ್ (ಸುತ್ತಿಗೆಗಳಿಂದ ಬಡಿದು ಪುಡಿ ಮಾಡುವ ಯಂತ್ರ) ಹಾಕದೆ ಆಗಲ್ಲ ಅಂದವರೇ ಜಾಸ್ತಿ. ಈಗ ನಮ್ಮ ಯೂನಿಟ್ ಹಳೇ ರೋಲರ್ ಮಿಲ್‌ಗಳಲ್ಲೇ ಬರೀ ಕಟ್ಟಿಗೆ ಪೆಲೆಟ್ ಅರೆದು ಉರಿಸುತ್ತಾ, ಮೊದಲಿನ ಲೋಡಿನ (ವಿದ್ಯುತ್ ಉತ್ಪಾದನೆಯ) ಹೆಚ್ಚುಕಡಿಮೆ ಶೇ. 90ರಲ್ಲಿ ಓಡುತ್ತಿದೆ.

ಕಲ್ಲಿದ್ದಲನ್ನು 75 ಮೈಕ್ರಾನ್‌ಗೆ ಪುಡಿ ಮಾಡಿ ರೂಢಿಯಾದವರು ಕಟ್ಟಿಗೆಯನ್ನೂ ಹಾಗೇ ನುಣ್ಣಗೆ ಮಾಡಲು ಹೋಗುತ್ತಾರೆ. ಆಗ ನಾರೆಲ್ಲ ರೋಲರ್ ಕೆಳಗೆ ಚಾಪೆಯಂತೆ ಹೆಣೆದುಕೊಳ್ಳುತ್ತದೆ, ಡಿಪಿ (ಮಿಲ್ ಒಳಬಾಯಿ-ಹೊರಬಾಯಿ ನಡುವಿನ ಒತ್ತಡದ ವ್ಯತ್ಯಾಸ) ಏರುತ್ತದೆ, ಮೋಟರ್ ಎಳೆಯುವ ಆಂಪ್ಸ್ ಏರುತ್ತದೆ, ಮಿಲ್ ಟ್ರಿಪ್, ಅಂದರೆ ತಾನಾಗೇ ನಿಲ್ಲುತ್ತದೆ. ನಮ್ಮಲ್ಲೂ ಶುರುವಿನಲ್ಲಿ ಇದೇ ಕಥೆ. ಪೆಲೆಟ್ ಅಂದರೆ ಒತ್ತಿಟ್ಟ ಮರದ ಹೊಟ್ಟು ಅಲ್ವಾ, ಅದನ್ನು ಬಿಡಿಸಿದರೆ ಸಾಕು. ಶೇ. 75-80 ವೊಲಟೈಲ್ (ಬಿಸಿ ತಾಗಿದರೆ ಅನಿಲವಾಗಿ ಹೊರಬಂದು ಉರಿಯುವ ಅಂಶ) ಇರುವುದರಿಂದ 1 ಮಿ.ಮೀ. ಆಸುಪಾಸಿನ ಚೂರೂ ಚೆನ್ನಾಗಿ ಉರಿಯುತ್ತದೆ. ಕ್ಲಾಸಿಫೈಯರ್ (ದಪ್ಪ ಚೂರನ್ನು ತಡೆದು ಮತ್ತೆ ಅರೆಯಲು ಕಳಿಸುವ ಭಾಗ) ಬ್ಲೇಡ್ ತೆಗೆದೆವು, ಗಾಳಿಯ ವೇಗ ಹೆಚ್ಚಲಿ ಅಂತ ಥ್ರೋಟ್ (ಮಿಲ್ ಒಳಗೆ ಗಾಳಿ ನುಗ್ಗುವ ಸಂದು) ಕಿರಿದು ಮಾಡಿದೆವು. ರೋಲರ್ ಗ್ಯಾಪ್ ಮತ್ತು ಒತ್ತಡ ಎಷ್ಟಿಟ್ಟೆವು ಅನ್ನುವುದು ಮಾತ್ರ ನಮ್ಮಲ್ಲೇ ಇರಲಿ.

ಮಿಲ್ ಒಳಗೆ ಬಿಟ್ಟು ಪುಡಿಯನ್ನು ಬರ್ನರಿಗೆ ಒಯ್ಯುವ ಬಿಸಿಗಾಳಿ, ಅಂದರೆ ಪ್ರೈಮರಿ ಏರ್, ಕಲ್ಲಿದ್ದಲಿದ್ದಾಗ 250 ಡಿಗ್ರಿ ದಾಟಿ ಬರುತ್ತಿತ್ತು, ಈಗ 150ರ ಒಳಗೆ. ಮಿಲ್ ಹೊರಬಾಯಿಯಲ್ಲಿ 60ರ ಹತ್ತಿರ. ಪೆಲೆಟ್‌ನಲ್ಲಿ ತೇವ ಶೇ. 8ರಷ್ಟೇ, ಒಣಗಿಸುವ ಕೆಲಸವೇ ಇಲ್ಲ. ಆದರೆ ಬಿಸಿಗಾಳಿ ಕಡಿಮೆ ಎಳೆದದ್ದಕ್ಕೆ ಏರ್ ಪ್ರೀಹೀಟರ್ (ಹೊಗೆಯ ಬಿಸಿಯಿಂದ ಗಾಳಿ ಕಾಯಿಸುವ ಉಪಕರಣ) ದಾಟಿದ ಗ್ಯಾಸಿನ ಬಿಸಿ ಏರಿತು, ಎಫಿಶಿಯೆನ್ಸಿ ಸ್ವಲ್ಪ ಬಿತ್ತು. ಅದನ್ನು ನುಂಗಿಕೊಂಡೆವು.

ದುಡ್ಡು ಹೋದದ್ದು ಮಿಲ್‌ಗಲ್ಲ. ಅದು ಒಟ್ಟು ಖರ್ಚಿನ ಹತ್ತನೇ ಒಂದು ಭಾಗವೂ ಆಗಲಿಲ್ಲ. ನಾವು ಉರಿಸುತ್ತಿದ್ದ ಕಲ್ಲಿದ್ದಲಿನಲ್ಲಿ ಟನ್ನಿಗೆ 24 ಜಿಗಾಜೌಲ್ ಶಾಖ, ಪೆಲೆಟ್‌ನಲ್ಲಿ 17. ಮೇಲಾಗಿ ಪೆಲೆಟ್ ಹಗುರ, ಘನ ಮೀಟರಿಗೆ 650 ಕೆ.ಜಿ. ಅಷ್ಟೇ ಶಾಖಕ್ಕೆ ಹತ್ತಿರ ಹತ್ತಿರ ಎರಡು ಪಟ್ಟು ಜಾಗ ಬೇಕು. ನೀರು ತಾಗಿದರೆ ಉಬ್ಬಿ ಗಂಜಿಯಾಗುವ ಸರಕು, ಬಯಲಲ್ಲಿ ಸುರಿಯುವ ಹಾಗಿಲ್ಲ. ಮುಚ್ಚಿದ ಸೈಲೋ (ದಾಸ್ತಾನು ಗೋಪುರ), ಬೆಂಕಿ ತಡೆಯಲು ನೈಟ್ರೋಜನ್ ಲೈನ್, ದೂಳು ಎಳೆಯುವ ವ್ಯವಸ್ಥೆ, ಕಿಡಿ ಹಿಡಿಯುವ ಸೆನ್ಸರ್, ಅರ್ಧಕ್ಕಿಂತ ಜಾಸ್ತಿ ಹಣ ಇದಕ್ಕೇ ಹೋಯಿತು. ನೈಟ್ರೋಜನ್ ಯಾಕೆ ಬೇಕು ಅಂತ ಮೇಲಿನವರು ಕೇಳಿದಾಗ, 2012ರಲ್ಲಿ ಇಂಗ್ಲೆಂಡಿನ ಟಿಲ್ಬರಿ ಸ್ಥಾವರದ ಪೆಲೆಟ್ ದಾಸ್ತಾನಿಗೆ ಬೆಂಕಿ ಬಿದ್ದ ಫೋಟೋ ತೋರಿಸಿದೆ. ಮರುಮಾತಿಲ್ಲದೆ ಸಹಿ ಬಿತ್ತು. ಇನ್ನೊಂದು ಮಾತು, ಸುಮ್ನೆ ನಿಂತ ಪೆಲೆಟ್ ಕೂಡ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬಿಡುತ್ತದೆ. ಅದನ್ನು ಅಳೆಯುವ ಮೀಟರ್ ಇಲ್ಲದೆ ಸೈಲೋ ಒಳಗೆ ತಲೆ ಹಾಕಲೂ ಯಾರನ್ನೂ ಬಿಡಬೇಡಿ.

ಅಗ್ಗ ಅಂತ ನಡುವೆ ಹುಲ್ಲಿನ ಪೆಲೆಟ್ ಕೂಡ ಬೆರೆಸಿ ನೋಡಿದೆವು. ಪೊಟ್ಯಾಸಿಯಂ, ಕ್ಲೋರಿನ್ ಎರಡೂ ಜಾಸ್ತಿ, ಬೂದಿ ಬೇಗ ಕರಗಿ ಸೂಪರ್‌ಹೀಟರ್ ಟ್ಯೂಬಿಗೆ (ಹಬೆಯನ್ನು ಇನ್ನಷ್ಟು ಕಾಯಿಸುವ ಕೊಳವೆ) ಕಚ್ಚಿಕೊಂಡಿತು, ಟ್ಯೂಬಿನ ಮೇಲಿನ ಬೂದಿ ಊದಿ ಉದುರಿಸುವ ಸೂಟ್‌ಬ್ಲೋವರ್‌ಗೂ ಜಗ್ಗಲಿಲ್ಲ. ಉಳಿತಾಯವಾದದ್ದೆಲ್ಲ ಒಂದು ಶಟ್‌ಡೌನ್‌ಗೇ ಹೋಯಿತು. ಆಮೇಲೆ ನಮ್ಮದೇ ಹಳೇ ಕಲ್ಲಿದ್ದಲಿನ ಹಾರುಬೂದಿಯನ್ನು ಸ್ವಲ್ಪ ಸ್ವಲ್ಪ ಫರ್ನೇಸಿಗೆ ಬಿಟ್ಟೆವು. ಅದರಲ್ಲಿರುವ ಅಲ್ಯುಮಿನಾ, ಸಿಲಿಕಾ ಪೊಟ್ಯಾಸಿಯಂ ಅನ್ನು ಕಟ್ಟಿಹಾಕುತ್ತದೆ. ಕಟ್ಟಿಗೆ ಪೆಲೆಟ್ ಉರಿಸುವಾಗಲೂ ಈಗ ಇದನ್ನೇ ಮಾಡುತ್ತೇವೆ. ಎಲ್ಲಿಂದ ಬಿಡುತ್ತೇವೆ ಅನ್ನುವುದನ್ನು ನೀವೇ ಕಂಡುಕೊಳ್ಳಿ, ಅರ್ಧ ಗುಟ್ಟು ಅಲ್ಲೇ ಇದೆ. ಹುರಿದ ಕಪ್ಪು ಪೆಲೆಟ್ ಕೂಡ ತರಿಸಿದ್ದೆವು. ಕಲ್ಲಿದ್ದಲಿನ ಹಾಗೇ ಪುಡಿಯಾಗುತ್ತದೆ, ಬಹಳ ಸೊಗಸು, ಆದರೆ ಆ ದರಕ್ಕೆ ನಮ್ಮ ಲೆಕ್ಕ ಕೂಡಲಿಲ್ಲ.

ಈಗ ಎರಡನೇ ಯೂನಿಟ್ ಕೆಲಸ ನಡೆದಿದೆ. ಒಂದು ಕನ್ವೇಯರ್‌ನಿಂದ ಇನ್ನೊಂದಕ್ಕೆ ಬೀಳುವಾಗೆಲ್ಲ ಪೆಲೆಟ್ ಒಡೆದು ದೂಳಾಗುತ್ತದೆ, ಹಾಗಾಗಿ ಈ ಸಲ ಟ್ರಾನ್ಸ್‌ಫರ್ ಪಾಯಿಂಟ್ ಕಡಿಮೆ ಇಟ್ಟಿದ್ದೇವೆ. ಖರೀದಿಯೂ ಟನ್ ಲೆಕ್ಕದಲ್ಲಲ್ಲ, ಜಿಗಾಜೌಲ್ ಲೆಕ್ಕದಲ್ಲಿ. ದೂಳಿನ ಪ್ರಮಾಣ ಮಿತಿ ಮೀರಿದ ಲೋಡನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತೇವೆ.