ಮಾಸ್ಟರ್ಸ್ ಟಿಕೆಟ್ ಸಿಕ್ಕಿತಾ? ಮೊದಲು ಶೂ ನೋಡಿಕೊಳ್ಳಿ

ಏಪ್ರಿಲ್ ಹತ್ತಿರ ಬಂತು ಅಂದರೆ ಅಟ್ಲಾಂಟಾ ಕಡೆಯ ನಮ್ಮ ಕನ್ನಡದವರಲ್ಲಿ ಯಾರಾದರೊಬ್ಬರಿಗೆ ಮಾಸ್ಟರ್ಸ್ ಟಿಕೆಟ್ ಸಿಕ್ಕಿರುತ್ತದೆ, ಅಂದರೆ ಅಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ ನಡೆಯುವ ದೊಡ್ಡ ಗಾಲ್ಫ್ ಟೂರ್ನಿಯದು. ಲಾಟರಿಯಲ್ಲಿ ಹೆಸರು ಬಂದಿರುತ್ತದೆ, ಇಲ್ಲವೇ ಆಫೀಸಿನಲ್ಲಿ ಯಾರೋ ಪ್ರೀತಿಯಿಂದ ಕೊಟ್ಟಿರುತ್ತಾರೆ. ಆಗ ಅವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಏನು ಹಾಕಿಕೊಂಡು ಹೋಗೋದು? ಬ್ಲೇಜರ್ ಬೇಕಾ?"

ಬ್ಲೇಜರ್ ಬೇಡ. ಅದರಲ್ಲೂ ಹಸಿರು ಬ್ಲೇಜರ್ ಖಂಡಿತ ಬೇಡ. ಅದು ಕ್ಲಬ್ಬಿನ ಸದಸ್ಯರದು, ಗೆದ್ದವರದು. 1949ರಲ್ಲಿ ಸ್ಯಾಮ್ ಸ್ನೀಡ್ ಗೆದ್ದಾಗಿನಿಂದ ಚಾಂಪಿಯನ್‌ಗೆ ಅದನ್ನು ತೊಡಿಸುತ್ತಾ ಬಂದಿದ್ದಾರೆ. ನೀವು ತಯಾರಾಗಬೇಕಾದ್ದು ಎರಡು ವಿಷಯಕ್ಕೆ: ಬೆಳಿಗ್ಗೆಯಿಂದ ಸಂಜೆವರೆಗೆ ನಡೆಯುವುದಕ್ಕೆ ಮತ್ತು ಅಷ್ಟೂ ಹೊತ್ತು ಫೋನ್ ಇಲ್ಲದೆ ಇರುವುದಕ್ಕೆ. ಬಟ್ಟೆ ಏನಿರಬೇಕು ಅನ್ನುವುದು ಆಮೇಲೆ ತಾನಾಗಿಯೇ ಹೊಳೆಯುತ್ತದೆ.

ಶೂ ವಿಷಯದಿಂದಲೇ ಶುರು ಮಾಡುತ್ತೇನೆ. ಟಿವಿಯಲ್ಲಿ ಅಗಸ್ಟಾ ನ್ಯಾಷನಲ್ ಮೈದಾನ ಕಾರ್ಪೆಟ್ ಹಾಸಿದ ಹಾಗೆ ಸಪಾಟಾಗಿ ಕಾಣುತ್ತದೆ. ನಿಜದಲ್ಲಿ ಅದು ಗುಡ್ಡದ ಜಾಗ. 10ನೇ ಹೋಲ್ (ಹೋಲ್ ಅಂದರೆ ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಗುಳಿಯವರೆಗಿನ ಒಂದು ಭಾಗ) ಒಂದರಲ್ಲೇ ನೂರು ಅಡಿಯಷ್ಟು ಇಳಿಯಬೇಕು, ಇಳಿದಿದ್ದನ್ನೆಲ್ಲ ವಾಪಸ್ ಹತ್ತಬೇಕು. ನಾನು ಮೊದಲ ಸಲ ಹೋದಾಗ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಹೊಸ ಲೆದರ್ ಶೂ ಹಾಕಿಕೊಂಡಿದ್ದೆ. ಬೆಳಗಿನ ಇಬ್ಬನಿಗೆ ಹುಲ್ಲು ಒದ್ದೆ. 10ನೇ ಹೋಲಿನ ಇಳಿಜಾರಿನಲ್ಲಿ ಹಿಮ್ಮಡಿ ಉಜ್ಜಲು ಶುರುವಾಯಿತು, 13ಕ್ಕೆ ಬರುವಷ್ಟರಲ್ಲಿ ಬೊಬ್ಬೆ ಎದ್ದು ಕಾಲುಚೀಲ ಅಂಟಿಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ತಮ್ಮ ಪರ್ಸಿನಿಂದ ಬ್ಯಾಂಡ್‌ಏಡ್ ತೆಗೆದುಕೊಟ್ಟರು. ಆವತ್ತಿನಿಂದ ನನ್ನ ಜೇಬಿನಲ್ಲೂ ನಾಲ್ಕು ಇರುತ್ತವೆ. ಒಂದೆರಡು ತಿಂಗಳು ಹಾಕಿ ಪಳಗಿದ, ಹಿಡಿತ ಇರುವ ವಾಕಿಂಗ್ ಶೂ ಹಾಕಿಕೊಳ್ಳಿ. ಲೋಹದ ಮುಳ್ಳಿರುವ ಗಾಲ್ಫ್ ಶೂಗೆ ಪ್ರೇಕ್ಷಕರಿಗೆ ಅನುಮತಿ ಇಲ್ಲ. ಹೀಲ್ಸ್ ಮಣ್ಣಿನಲ್ಲಿ ಹೂತುಹೋಗುತ್ತದೆ.

ಬಟ್ಟೆಗೆ ಕಟ್ಟುನಿಟ್ಟಿನ ನಿಯಮ ಅಂತ ಇಲ್ಲ. ಆದರೂ ಸುತ್ತ ಇರುವವರೆಲ್ಲ ನೀಟಾಗಿ ಬಂದಿರುತ್ತಾರೆ. ಗಂಡಸರಿಗೆ ಕಾಲರ್ ಇರುವ ಟೀಶರ್ಟ್, ಹಗುರವಾದ ಪ್ಯಾಂಟ್ ಅಥವಾ ಮೊಣಕಾಲುದ್ದದ ಚಡ್ಡಿ ಸಾಕು. ಹೆಂಗಸರು ಹೆಚ್ಚಾಗಿ ಹತ್ತಿಯ ಫ್ರಾಕ್ ಹಾಕಿರುತ್ತಾರೆ. ಕುರ್ತಿ, ಲೆಗ್ಗಿಂಗ್ಸ್ ಧಾರಾಳವಾಗಿ ಹಾಕಬಹುದು, ನನ್ನ ಹೆಂಡತಿ ಪ್ರತಿ ಸಲ ಅದನ್ನೇ ಹಾಕುವುದು. ಸೀರೆ ಉಡಬಹುದಾ ಅಂತ ಒಬ್ಬರು ಕೇಳಿದ್ದರು. ಯಾರೂ ಬೇಡ ಅನ್ನುವುದಿಲ್ಲ, ಆದರೆ ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ನೆರಿಗೆ ಹಿಡಿದುಕೊಂಡೇ ದಿನ ಕಳೆಯಬೇಕಾಗುತ್ತದೆ. ಕ್ರಿಕೆಟ್ ಜರ್ಸಿ ಮನೆಯಲ್ಲಿರಲಿ. ಬಾವುಟ, ಬ್ಯಾನರ್‌ಗಳನ್ನು ಗೇಟಿನಲ್ಲೇ ತಡೆಯುತ್ತಾರೆ.

ಜಾರ್ಜಿಯಾದ ಏಪ್ರಿಲ್ ಒಂದೇ ದಿನದಲ್ಲಿ ಎರಡು ಕಾಲ ತೋರಿಸುತ್ತದೆ. ಬೆಳಿಗ್ಗೆ 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಚಳಿ, ಮಧ್ಯಾಹ್ನ 75 ದಾಟುವ ಬಿಸಿಲು. ಸೊಂಟಕ್ಕೆ ಕಟ್ಟಿಕೊಳ್ಳುವಂಥ ತೆಳು ಜಾಕೆಟ್ ಇರಲಿ, ಮಳೆ ತಡೆಯುವಂಥದ್ದಾದರೆ ಇನ್ನೂ ಒಳ್ಳೆಯದು. ಛತ್ರಿ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ, ಅಲ್ವಾ? ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ. ಪೈನ್ ಮರದ ಹಳದಿ ಪರಾಗ ಈ ಸಮಯದಲ್ಲಿ ಕಾರಿನ ಮೇಲೆಲ್ಲ ಅರಿಶಿನ ಚೆಲ್ಲಿದ ಹಾಗೆ ಕೂತಿರುತ್ತದೆ. ಅಲರ್ಜಿ ಇರುವವರು ಮಾತ್ರೆ ತೆಗೆದುಕೊಂಡೇ ಹೊರಡಿ.

ಇನ್ನು ಫೋನ್. ಇದನ್ನು ದಯವಿಟ್ಟು ಎರಡು ಸಲ ಓದಿ. ಫೋನ್ ಒಳಗೆ ತರುವಂತೆಯೇ ಇಲ್ಲ, ಆಫ್ ಮಾಡಿ ಜೇಬಿನಲ್ಲಿಟ್ಟರೂ ತಪ್ಪೇ. ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಕೂಡ ಇಲ್ಲ. ಸಿಕ್ಕಿಬಿದ್ದರೆ ನಿಮ್ಮನ್ನು ಹೊರಗೆ ಕಳಿಸುವುದಷ್ಟೇ ಅಲ್ಲ, ಟಿಕೆಟ್ ಯಾರ ಹೆಸರಿನದೋ ಅವರ ಟಿಕೆಟ್ ಹಕ್ಕೂ ಶಾಶ್ವತವಾಗಿ ಹೋಗುತ್ತದೆ. ವರ್ಷಗಟ್ಟಲೆ ಉಳಿಸಿಕೊಂಡು ಬಂದ ಟಿಕೆಟನ್ನು ನಿಮ್ಮ ಕೈಗಿಟ್ಟವರಿಗೆ ಆ ನೋವು ಕೊಡಬೇಡಿ. ಕ್ಯಾಮೆರಾಕ್ಕೆ ಸೋಮವಾರದಿಂದ ಬುಧವಾರದವರೆಗಿನ ಪ್ರಾಕ್ಟೀಸ್ ದಿನಗಳಲ್ಲಿ ಮಾತ್ರ ಅವಕಾಶ. ಹಾಗಾಗಿ ನೆನಪಿಗೆ ಫೋಟೋ ಬೇಕು ಅನ್ನುವವರಿಗೆ ಪ್ರಾಕ್ಟೀಸ್ ದಿನವೇ ಚೆಂದ. ಬುಧವಾರ ಚಿಕ್ಕ ಹೋಲ್‌ಗಳಲ್ಲಿ ನಡೆಯುವ ಪಾರ್-3 ಸ್ಪರ್ಧೆಯಲ್ಲಿ ಆಟಗಾರರ ಪುಟ್ಟ ಮಕ್ಕಳು ಕ್ಯಾಡಿಗಳ, ಅಂದರೆ ಆಟಗಾರರ ಬ್ಯಾಗ್ ಹೊರುವವರ, ಬಿಳಿ ಅಂಗಿ ತೊಟ್ಟು ಅಪ್ಪನ ಹಿಂದೆ ಓಡುವುದನ್ನು ನೋಡಬೇಕು.

ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಮನೆಯವರ ನಂಬರ್ ಬರೆದಿಟ್ಟುಕೊಳ್ಳಿ. ಮೈದಾನದಲ್ಲಿ ಉಚಿತ ಫೋನ್‌ಗಳಿವೆ, ಆದರೆ ಈಗ ನಂಬರ್ ಯಾರಿಗೆ ಬಾಯಿಗೆ ಬರುತ್ತೆ? ಕಾರು ನಿಲ್ಲಿಸಿದ ಜಾಗವನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಪಾರ್ಕಿಂಗಿಗೆ ದುಡ್ಡಿಲ್ಲ, ಆದರೆ ಜಾಗ ದೊಡ್ಡದು. ಜೊತೆಯವರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು, ಎಷ್ಟು ಗಂಟೆಗೆ ಅನ್ನುವುದನ್ನು ಗೇಟಿನಲ್ಲೇ ಮಾತಾಡಿಕೊಳ್ಳಿ. ಕ್ಲಬ್‌ಹೌಸ್ ಹಿಂದಿನ ದೊಡ್ಡ ಓಕ್ ಮರ ಎಲ್ಲರಿಗೂ ಗೊತ್ತಾಗುತ್ತದೆ. ಕೈಗೆ ಸಾದಾ ಗಡಿಯಾರ ಕಟ್ಟಿ.

ಚೀಲ ಚಿಕ್ಕದಿರಲಿ, 10 ಇಂಚು ಅಗಲ, 10 ಇಂಚು ದಪ್ಪ, 12 ಇಂಚು ಎತ್ತರ ಮೀರಬಾರದು. ಮಗುವಿನ ಸ್ಟ್ರೋಲರ್ ಬಿಡುವುದಿಲ್ಲ. ಹೊರಗಿನ ತಿಂಡಿಯೂ ಇಲ್ಲ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿ ಪಾರ್ಕಿಂಗಿನಲ್ಲೇ, ಕಾರಿನ ಡಿಕ್ಕಿ ತೆರೆದು ತಿಂದು ಒಳಗೆ ಹೋಗುತ್ತೇವೆ. ಒಳಗೆ ಊಟ ತುಂಬ ಅಗ್ಗ, ಹೆಸರುವಾಸಿ ಪಿಮೆಂಟೋ ಚೀಸ್ ಸ್ಯಾಂಡ್‌ವಿಚ್ ಬರೀ ಒಂದೂವರೆ ಡಾಲರ್. ಮಾಂಸ ಇಲ್ಲ, ಆದರೆ ಅದರಲ್ಲಿ ಮೇಯನೇಸ್ ಇದೆ, ಅಂದರೆ ಮೊಟ್ಟೆ. ಮೊಟ್ಟೆ ಮುಟ್ಟದವರು ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗುವುದೇ ಸರಿ.

ಒಳಗೆ ಓಡಬಾರದು. ಗೇಟು ತೆರೆದಾಗ ಎಲ್ಲರೂ ಬಿರುಸಾಗಿ ನಡೆಯುತ್ತಾರೆ, ಯಾರೂ ಓಡುವುದಿಲ್ಲ. ಅಷ್ಟೊಂದು ಅವಸರ ಕುರ್ಚಿ ಹಾಕಲು. ತೋಳಿಲ್ಲದ ಮಡಿಸುವ ಕುರ್ಚಿ ಒಳಗಿನ ಅಂಗಡಿಯಲ್ಲಿ ಸಿಗುತ್ತದೆ. ಇಷ್ಟದ ಹೋಲಿನ ಹತ್ತಿರ ಇಟ್ಟು ಹೆಸರು ಬರೆದು ಊರೆಲ್ಲ ಸುತ್ತಿ ಬನ್ನಿ, ಮಧ್ಯಾಹ್ನಕ್ಕೂ ಅಲ್ಲೇ ಇರುತ್ತದೆ. ನೀವಿಲ್ಲದಾಗ ಬೇರೆ ಯಾರಾದರೂ ಕೂತಿರಬಹುದು, ನೀವು ಬಂದ ಕೂಡಲೇ ನಗುತ್ತಾ ಎದ್ದು ಜಾಗ ಬಿಡುತ್ತಾರೆ. ಖಾಲಿ ಕುರ್ಚಿ ಕಂಡರೆ ನೀವೂ ಹಾಗೇ ಮಾಡಬಹುದು. ನನ್ನ ಕುರ್ಚಿ ಯಾವಾಗಲೂ 12ನೇ ಹೋಲಿನ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದ ಹಿಂದೆ. 11, 12, 13 ಸೇರಿದ ಆ ಮೂಲೆಗೆ ಏಮೆನ್ ಕಾರ್ನರ್ ಅಂತ ಹೆಸರು. 12 ಚಿಕ್ಕ ಹೋಲ್, ಆದರೆ ಮುಂದೆ ರೇಸ್ ಕ್ರೀಕ್ ಹಳ್ಳ, ಮೇಲೆ ಸುತ್ತುವ ಗಾಳಿ. ಚೆಂಡು ದಂಡೆಗೆ ಬಿದ್ದು ನಿಧಾನವಾಗಿ ನೀರಿಗೆ ಉರುಳುವಾಗ ಇಡೀ ಗುಂಪು ಒಂದೇ ಉಸಿರಿನಲ್ಲಿ "ಓಹ್" ಅನ್ನುತ್ತದೆ.

ಆಗ ಚಪ್ಪಾಳೆ ತಟ್ಟಬೇಡಿ. ಕ್ರಿಕೆಟ್ ಸ್ಟೇಡಿಯಂನಲ್ಲಿ ಬೆಳೆದ ನಮಗೆ ಎದುರಾಳಿ ಔಟಾದರೆ ಕೂಗುವುದು ಅಭ್ಯಾಸ. ಇಲ್ಲಿ ಒಬ್ಬರ ತಪ್ಪಿಗೆ ಕೂಗುವುದು ತುಂಬ ಕೆಟ್ಟದ್ದು. 1934ರಲ್ಲಿ ಈ ಟೂರ್ನಿ ಶುರು ಮಾಡಿದವರಲ್ಲಿ ಒಬ್ಬರಾದ ಬಾಬಿ ಜೋನ್ಸ್ ಅದನ್ನೇ ಪ್ರೇಕ್ಷಕರಿಗೆ ಬರೆದು ತಿಳಿಸಿದ್ದರು. ಆಟಗಾರ ಚೆಂಡಿನ ಮುಂದೆ ನಿಂತ ಮೇಲೆ ಮಾತೂ ಬೇಡ, ಅಲ್ಲಾಡುವುದೂ ಬೇಡ. "ಫೋರ್!" ಅಂತ ಕೂಗು ಕೇಳಿದರೆ ಅದು ಕ್ರಿಕೆಟ್‌ನ ನಾಲ್ಕು ರನ್ ಅಲ್ಲ, ಚೆಂಡು ನಿಮ್ಮ ಕಡೆ ಬರುತ್ತಿದೆ ಅನ್ನುವ ಎಚ್ಚರಿಕೆ; ತಲೆ ಎತ್ತಿ ನೋಡಬೇಡಿ, ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿ.

ಒಳ್ಳೆಯ ಹೊಡೆತಕ್ಕೆ ಮಾತ್ರ ಮನಸಾರೆ ಕೂಗಿ. 2023ರಲ್ಲಿ ನಮ್ಮ ಭಾರತ ಮೂಲದ ಸಾಹಿತ್ ತೀಗಲ 16ನೇ ಹೋಲಿನಲ್ಲಿ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಹೊರಗಿನಿಂದ ಚಿಪ್ ಮಾಡಿ, ಅಂದರೆ ಚಿಕ್ಕದಾಗಿ ಎತ್ತಿ ಹೊಡೆದು, ಚೆಂಡನ್ನು ಗುಳಿಗೇ ಉರುಳಿಸಿದರು. 2005ರಲ್ಲಿ ಟೈಗರ್ ವುಡ್ಸ್ ಹೊಡೆದಿದ್ದೂ ಅದೇ ಹೋಲಿನಲ್ಲಿ, ಹೆಚ್ಚುಕಡಿಮೆ ಹಾಗೇ. ಕೈಯಲ್ಲಿ ಫೋನ್ ಇಲ್ಲದ್ದರಿಂದ ದೂರದ ಕೂಗು ಕೇಳಿದವರಿಗೆ ಏನಾಯಿತು ಅಂತ ತಕ್ಷಣ ಗೊತ್ತಾಗುವುದಿಲ್ಲ. ಎಲ್ಲರೂ ದೊಡ್ಡ ಬಿಳಿ ಸ್ಕೋರ್‌ಬೋರ್ಡ್ ಕಡೆ ತಿರುಗುತ್ತಾರೆ. ಅದನ್ನು ಇವತ್ತಿಗೂ ಕೈಯಿಂದಲೇ ಬದಲಾಯಿಸುವುದು. ಒಂದು ಕಿಂಡಿಯ ಹಲಗೆ ಸರಿಯುತ್ತದೆ, ಒಂದು ಕ್ಷಣ ಖಾಲಿ, ಆಮೇಲೆ ಕೆಂಪು ಅಂಕಿ ಬರುತ್ತದೆ. ಕೆಂಪು ಅಂದರೆ ಪಾರ್‌ಗಿಂತ (ನಿಗದಿಯಾದ ಹೊಡೆತಗಳ ಲೆಕ್ಕಕ್ಕಿಂತ) ಕಡಿಮೆ, ಒಳ್ಳೆಯದು. ಹಸಿರು ಅಂದರೆ ಜಾಸ್ತಿ.

ಟಿಕೆಟ್ ಇಲ್ಲದವರು ಮಾಸ್ಟರ್ಸ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಜೂನ್‌ನಲ್ಲಿ ಮುಂದಿನ ಏಪ್ರಿಲ್‌ಗೆ ಅರ್ಜಿ ಹಾಕಿ. ಬೇರೆಯವರು ಮಾರುವ ಟಿಕೆಟ್ ಕೊಳ್ಳಬೇಡಿ, ಮರುಮಾರಾಟಕ್ಕೆ ಅನುಮತಿ ಇಲ್ಲ, ದುಡ್ಡೂ ಹೋಗಬಹುದು, ದಿನವೂ ಹೋಗಬಹುದು.

ಕೊನೆಯದಾಗಿ, ವಾಪಸ್ ಬರುವಾಗ ಯಾರು ಕಾರು ಓಡಿಸುತ್ತಾರೆ ಅನ್ನುವುದನ್ನು ಹಿಂದಿನ ರಾತ್ರಿಯೇ ತೀರ್ಮಾನಿಸಿ. ನಸುಕಿನಲ್ಲಿ ಎದ್ದು, ದಿನವೆಲ್ಲ ಗುಡ್ಡ ಹತ್ತಿ ಇಳಿದ ಮೇಲೆ ಐ-20 ಹೆದ್ದಾರಿಯಲ್ಲಿ ಅಟ್ಲಾಂಟಾಕ್ಕೆ ಎರಡೂವರೆ ಗಂಟೆ ದಾರಿ. ಮೊದಲ ಅರ್ಧ ಗಂಟೆ ವಾಷಿಂಗ್ಟನ್ ರೋಡ್ ದಟ್ಟಣೆಯಲ್ಲೇ ಹೋಗುತ್ತದೆ. ಡಿಕ್ಕಿಯಲ್ಲಿ ಒಂದು ಜೊತೆ ಚಪ್ಪಲಿ, ಕುಡಿಯುವ ನೀರು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟಿರಿ.