ಫಿಲಿಪೀನ್ಸಿನ ಅಧಿಕಾರವನ್ನು ಓದುವ ಬಗೆ: ಕಾಸರಗೋಡಿನ ಅಧ್ಯಯನಾಸಕ್ತರಿಗೆ

ಫಿಲಿಪೀನ್ಸಿನ ರಾಜಕಾರಣವನ್ನು ಅರಿಯಲು ಹೊರಡುವವರು ಅಧ್ಯಕ್ಷರ ಪಟ್ಟಿಯಿಂದ ಆರಂಭಿಸಬಾರದು, ಊರಿನಿಂದ ಆರಂಭಿಸಬೇಕು. ನಮ್ಮಲ್ಲಿ ಬ್ರಿಟಿಷರ ಕಾಲದ ಪಟೇಲರು ಕಂದಾಯ ವಸೂಲು ಮಾಡುತ್ತಿದ್ದುದನ್ನು ಹಿರಿಯರಿಂದ ಕೇಳಿದವರಿಗೆ ಈ ದಾರಿ ಸುಲಭ.

ಮೊದಲು 'ಬರಂಗಾಯ್' ಎಂಬ ಹಳೆಯ ನೆಲೆಯನ್ನೂ ಅದರ ಒಡೆಯನಾದ 'ದಾತು'ವನ್ನೂ ಗುರುತಿಸಿಕೊಳ್ಳಿ. 1565ರಲ್ಲಿ ನೆಲೆಯೂರಿದ ಸ್ಪೇನಿನವರು ಈ ಒಡೆಯರನ್ನು ಕಿತ್ತೊಗೆಯದೆ, 'ಕಬೇಸಾ' ಎಂಬ ಹುದ್ದೆ ಕೊಟ್ಟು ಕಪ್ಪ ವಸೂಲಿಗೆ ನಿಲ್ಲಿಸಿದರು. ಈ ಕಬೇಸಾಗಳು ತಾವು ಕಪ್ಪ ಕೊಡಬೇಕಿರಲಿಲ್ಲ, ಬಿಟ್ಟಿ ದುಡಿಮೆಯನ್ನೂ ಮಾಡಬೇಕಿರಲಿಲ್ಲ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ, ಏಕೆಂದರೆ 'ಪ್ರಿನ್ಸಿಪಾಲಿಯಾ' ಎಂಬ ಸ್ಥಳೀಯ ಗಣ್ಯವರ್ಗ ಬೆಳೆದದ್ದು ಈ ಏರ್ಪಾಡಿನಲ್ಲಿಯೇ.

ಬಳಿಕ 1907ರ ಶಾಸನಸಭೆ ಚುನಾವಣೆಯ ಮತದಾರರ ಅರ್ಹತೆಯನ್ನು ನೋಡಿ. ಸ್ಪೇನಿನವರ ಬಳಿಕ ಬಂದ ಅಮೆರಿಕನ್ನರ ಆಳ್ವಿಕೆಯಲ್ಲಿ ನಡೆದ ಆ ಚುನಾವಣೆಯಲ್ಲಿ ಆಸ್ತಿಯುಳ್ಳ, ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಓದು-ಬರಹ ಬಲ್ಲ, ಇಲ್ಲವೇ ಹಿಂದೆ ಊರಿನ ಹುದ್ದೆಯಲ್ಲಿದ್ದ ಗಂಡಸರಿಗಷ್ಟೇ ಮತವಿತ್ತು. ಸರಕಾರದ ರೂಪ ಬದಲಾಯಿತು, ಆ ಗಣ್ಯ ಮನೆತನಗಳು ಉಳಿದವು ಎಂದು ನಾನು ಹೇಳುವುದು ಇದನ್ನು ಕಂಡೇ.

1946ರ ಸ್ವಾತಂತ್ರ್ಯ, 1972ರ ಸೇನಾಡಳಿತ, 1986ರ ಜನಾಂದೋಲನ ಇವನ್ನು ಬೇಗನೆ ದಾಟಿ, 1987ರ ಸಂವಿಧಾನದ ಎರಡನೆಯ ವಿಧಿಯ 26ನೆಯ ಸೆಕ್ಷನ್ನನ್ನು ನಿಧಾನವಾಗಿ ಓದಿ. ಅದು ರಾಜಕೀಯ ವಂಶಾಡಳಿತವನ್ನು ನಿಷೇಧಿಸುತ್ತದೆ, ಆದರೆ ವಂಶಾಡಳಿತ ಎಂದರೇನೆಂಬುದನ್ನು ಕಾನೂನಿಗೆ ಬಿಡುತ್ತದೆ. ಆ ಕಾನೂನು ಮಾಡಬೇಕಾದ ಸಂಸತ್ತಿನಲ್ಲಿ ಅಂಥ ಮನೆತನಗಳವರೇ ತುಂಬಿದ್ದಾರೆ.

ಕೊನೆಗೆ ಒಂದು ಪ್ರಾಂತ್ಯವನ್ನು ಆರಿಸಿಕೊಂಡು ಗವರ್ನರ್, ಮೇಯರ್, ಸಂಸದರ ಮನೆತನದ ಹೆಸರುಗಳನ್ನು ಕಾಗದದಲ್ಲಿ ಸಾಲಾಗಿ ಬರೆದು, ಒಂದೇ ಹೆಸರು ಬಂದಲ್ಲೆಲ್ಲ ಗೆರೆ ಎಳೆದು ಕೂಡಿಸಿ.